ಗಾಡಿ ಇನ್ಶೂರೆನ್ಸ್‌ನಲ್ಲಿ 'ಡಿಸ್ಕೌಂಟ್': ಕೊಟ್ಟವರಿಗೂ ದಂಡ, ತಗೊಂಡವರಿಗೂ ದಂಡ

ಹೊಸೂರಿನ ಬಾಗಲೂರು ರಸ್ತೆಯಲ್ಲಿ ನನ್ನದೊಂದು ಸಣ್ಣ ಹೋಲ್‌ಸೇಲ್ ಅಂಗಡಿ. ಶೂಲಗಿರಿ, ರಾಯಕೋಟೆ, ಡೆಂಕಣಿಕೋಟೆ ಕಡೆಯ ಅಂಗಡಿಗಳಿಗೆ ಸಾಮಾನು ಹಾಕಲು ಒಂದು ಚಿಕ್ಕ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದೇನೆ. ಗಾಡಿ ಹಳೆಯದು, ಹಾಗಾಗಿ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ ಮಾಡಿಸುವುದು. ಕಳೆದ ವರ್ಷ ಪಾಲಿಸಿ ಮುಗಿಯುವ ವಾರದಲ್ಲಿ ಮೂರು ಕಡೆಯಿಂದ ಫೋನ್ ಬಂತು. ಮೊದಲನೆಯವರು 16,049 ರೂಪಾಯಿ, ಅದರ ಮೇಲೆ ಜಿಎಸ್‌ಟಿ ಅಂದರು. ಎರಡನೆಯವರು, "ಅಷ್ಟೇ ಕಟ್ಟಿ, ಪಾಲಿಸಿ ಬಂದ ಮೇಲೆ 3,000 ನಿಮಗೆ ಜಿಪೇ ಮಾಡ್ತೇನೆ" ಅಂದರು. ಮೂರನೆಯವನು ಒಂದೇ ಮಾತಿನಲ್ಲಿ, "9,500 ಕೊಡಿ, ಪಿಡಿಎಫ್ ವಾಟ್ಸಾಪ್‌ಗೆ ಬರುತ್ತೆ, ಎಫ್‌ಸಿಗೂ ನಡೆಯುತ್ತೆ" ಅಂದ.

ಒಂದೇ ಗಾಡಿ, ಒಂದೇ ಪಾಲಿಸಿ, ಮೂರು ರೇಟು. ತರಕಾರಿ ಮಾರ್ಕೆಟ್‌ನಲ್ಲಾದರೆ ಇದು ಸಹಜ. ಇನ್ಶೂರೆನ್ಸ್‌ನಲ್ಲಿ ಸಹಜ ಅಲ್ಲ, ಯಾಕಂದ್ರೆ ಥರ್ಡ್ ಪಾರ್ಟಿ ಪ್ರೀಮಿಯಂ ಅನ್ನು ಕಂಪೆನಿಯಾಗಲಿ ಏಜೆಂಟ್ ಆಗಲಿ ನಿರ್ಧರಿಸುವುದಿಲ್ಲ, ಸರ್ಕಾರ ನಿರ್ಧರಿಸುತ್ತದೆ. ಹಾಗಾದರೆ ಕಡಿಮೆಗೆ ಕೊಡುವವರು ಎಲ್ಲಿಂದ ಕೊಡುತ್ತಾರೆ, ಕೊಟ್ಟರೆ ಯಾರಿಗೆ ಏನಾಗುತ್ತದೆ ಅಂತ ಕಾನೂನು ಪುಸ್ತಕ ತೆಗೆದು ಓದಿದೆ. ಬಿ.ಕಾಂ. ಓದಿದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ನಮ್ಮವರಲ್ಲಿ ಗಾಡಿ ಇಟ್ಟು ವ್ಯಾಪಾರ ಮಾಡುವವರು ಬಹಳ. ಈಗೀಗ ಇನ್ಶೂರೆನ್ಸ್ ಮಾರುವ ಹುಡುಗರೂ ಆಗಿದ್ದಾರೆ. ಇಬ್ಬರಿಗೂ ಗೊತ್ತಿರಬೇಕಾದ ವಿಷಯ ಅಂತ ಬರೆಯುತ್ತಿದ್ದೇನೆ.

ಯಾವ ರೇಟು ಫಿಕ್ಸ್, ಯಾವುದು ಅಲ್ಲ

ಗಾಡಿ ಇನ್ಶೂರೆನ್ಸ್‌ನಲ್ಲಿ ಎರಡು ಭಾಗ. ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ಗಾಯ, ಆಸ್ತಿ ನಷ್ಟಕ್ಕೆ ಥರ್ಡ್ ಪಾರ್ಟಿ, ಅಂದರೆ ಟಿಪಿ. ನಮ್ಮ ಗಾಡಿಗೇ ಆಗುವ ನಷ್ಟಕ್ಕೆ ಓನ್ ಡ್ಯಾಮೇಜ್, ಅಂದರೆ ಓಡಿ. ಎರಡೂ ಸೇರಿದ್ದನ್ನು ಜನ ಫುಲ್ ಇನ್ಶೂರೆನ್ಸ್ ಅಂತಾರೆ.

ಹಿಂದೆ ಎರಡಕ್ಕೂ ರೇಟು ಫಿಕ್ಸ್ ಇತ್ತು. 1938ರ ವಿಮಾ ಕಾಯ್ದೆಗೆ 1968ರಲ್ಲಿ ತಿದ್ದುಪಡಿ ತಂದು ಟ್ಯಾರಿಫ್ ಅಡ್ವೈಸರಿ ಕಮಿಟಿ ಅಂತ ಮಾಡಿದರು. ಬೆಂಕಿ ವಿಮೆ, ಮೋಟಾರು ವಿಮೆ ಮೊದಲಾದವುಗಳ ದರ ಅದೇ ನಿಗದಿ ಮಾಡುತ್ತಿತ್ತು. ಆ ದರ ಮುರಿದರೆ ಕಾಯ್ದೆಯನ್ನೇ ಮುರಿದ ಹಾಗೆ ಅಂತ 64ಯುಸಿ ಕಲಂ ಹೇಳುತ್ತಿತ್ತು. ಆದರೆ ಅದೇ ಕಲಂನಲ್ಲಿ ಒಂದು ಕಿಂಡಿಯೂ ಇತ್ತು. ಕಂಪೆನಿ ಕಡಿಮೆ ತೆಗೆದುಕೊಂಡ ಪ್ರೀಮಿಯಂ ಅನ್ನು ಗಿರಾಕಿಯಿಂದ ವಸೂಲಿ ಮಾಡಿದರೆ, ಅಥವಾ ಪಾಲಿಸಿ ಸರಿಪಡಿಸಿದರೆ ಇಲ್ಲವೇ ರದ್ದು ಮಾಡಿದರೆ, ಹೆಚ್ಚೆಂದರೆ 1,000 ರೂಪಾಯಿ ದಂಡ ಕಟ್ಟಿಸಿ ಕೇಸು ಮುಗಿಸಬಹುದಿತ್ತು. ಸಾವಿರ ರೂಪಾಯಿ! ಅದಕ್ಕೆ ಯಾವ ಕಂಪೆನಿ ಹೆದರುತ್ತದೆ. ಆದರೆ ಗಿರಾಕಿಗೆ ಅದರಲ್ಲಿ ಪೆಟ್ಟು ಇತ್ತು, ಕಡಿಮೆಗೆ ಸಿಕ್ಕಿತು ಅಂದುಕೊಂಡ ಪಾಲಿಸಿಗೆ ಆಮೇಲೆ ಹಣ ಕಟ್ಟಬೇಕು, ಇಲ್ಲಾಂದ್ರೆ ಪಾಲಿಸಿ ಹೋಗುತ್ತದೆ.

2007ರ ಜನವರಿ 1ರಿಂದ ಓಡಿ ದರವನ್ನು ಮಾರ್ಕೆಟ್‌ಗೆ ಬಿಟ್ಟರು. ಹಾಗಾಗಿ ಓಡಿಯಲ್ಲಿ ಒಂದು ಕಂಪೆನಿ ಒಂದು ರೇಟು, ಇನ್ನೊಂದು ಇನ್ನೊಂದು ರೇಟು ಹೇಳಿದರೆ ತಪ್ಪಿಲ್ಲ. ನಾಲ್ಕು ಕಡೆ ಕೇಳಿ ಚೌಕಾಸಿ ಮಾಡಬಹುದು, ಮಾಡಬೇಕು. ಟಿಪಿ ಮಾತ್ರ ಹಾಗೇ ಉಳಿಯಿತು. ಮೊದಲು ಅದನ್ನು ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ವರ್ಷ ವರ್ಷ ಪ್ರಕಟಿಸುತ್ತಿತ್ತು. 2017ರ ಮಾರ್ಚ್ ಕೊನೆಗೆ ಆ ಏರಿಕೆ ವಿರುದ್ಧವೇ ದಕ್ಷಿಣದ ರಾಜ್ಯಗಳ ಲಾರಿಗಳು ಮುಷ್ಕರ ಹೂಡಿದ್ದು ಇಲ್ಲಿಯ ಲಾರಿಯವರಿಗೆ ಮರೆತಿರಲಿಕ್ಕಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯ ನಂತರ ಈ ಅಧಿಕಾರ 147ನೇ ಕಲಂ ಮೂಲಕ ಕೇಂದ್ರ ಸರ್ಕಾರಕ್ಕೆ ಹೋಯಿತು. ಈಗ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಐಆರ್‌ಡಿಎಐ ಜೊತೆ ಸಮಾಲೋಚಿಸಿ ನಿಯಮವಾಗಿಯೇ ದರ ಹೊರಡಿಸುತ್ತದೆ. ಹಾಗೆ ಬಂದ ಪಟ್ಟಿ 2022ರ ಜೂನ್ 1ರಿಂದ ಜಾರಿಗೆ ಬಂತು.

ಆ ಪಟ್ಟಿಯಲ್ಲಿ ನಮಗೆ ಬೇಕಾದಷ್ಟು ಹೇಳುತ್ತೇನೆ. 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714, 150ರಿಂದ 350 ಸಿಸಿಗೆ 1,366. ಸ್ವಂತ ಕಾರು 1000 ಸಿಸಿ ಒಳಗೆ 2,094, ಅಲ್ಲಿಂದ 1500 ಸಿಸಿವರೆಗೆ 3,416, ಮೇಲಿನದಕ್ಕೆ 7,897. ಬಾಡಿಗೆಗೆ ಸರಕು ಹೊರುವ ನಾಲ್ಕು ಚಕ್ರದ ಮತ್ತು ದೊಡ್ಡ ಗಾಡಿಗಳಿಗೆ ಒಟ್ಟು ತೂಕದ ಮೇಲೆ ದರ. ಒಟ್ಟು ತೂಕ ಅಂದರೆ ಗಾಡಿ ಮತ್ತು ಲೋಡು ಸೇರಿ ಆರ್‌ಸಿಯಲ್ಲಿ ಬರೆದಿರುವ ತೂಕ. 7,500 ಕೆಜಿವರೆಗೆ 16,049. 12,000 ಕೆಜಿವರೆಗೆ 27,186. 20,000 ಕೆಜಿವರೆಗೆ 35,313. 40,000 ಕೆಜಿವರೆಗೆ 43,950, ಅದಕ್ಕಿಂತ ಮೇಲೆ 44,242. ಜಿಎಸ್‌ಟಿ ಇದರ ಮೇಲೆ.

ಗಡಿಯಲ್ಲಿರುವ ನಮ್ಮಲ್ಲಿ ಒಂದು ಮಾತು ಓಡಾಡುತ್ತದೆ, "ಅತ್ತಿಬೆಲೆ ಆಚೆ ಮಾಡಿಸಿದರೆ ಕಡಿಮೆ, ಕೆಎ ನಂಬರಿಗೆ ಬೇರೆ ರೇಟು" ಅಂತ. ಟಿಪಿಯಲ್ಲಿ ಅದು ಸುಳ್ಳು. ಟಿಎನ್-70 ಆಗಲಿ, ಟಿಎನ್-24 ಆಗಲಿ, ಕೆಎ-51 ಆಗಲಿ, ಕಾಸರಗೋಡಿನ ಕೆಎಲ್-14 ಆಗಲಿ, ದೇಶಕ್ಕೆಲ್ಲ ಒಂದೇ ದರ. ಗಾಡಿ ರಿಜಿಸ್ಟರ್ ಆದ ಊರು ನೋಡಿ ದರದಲ್ಲಿ ವ್ಯತ್ಯಾಸ ಬರುವುದು ಓಡಿಯಲ್ಲಿ ಮಾತ್ರ.

ಕಾನೂನೇ ಕೊಟ್ಟ ರಿಯಾಯಿತಿ ಟಿಪಿಯಲ್ಲಿಯೂ ಸ್ವಲ್ಪ ಇದೆ. ಎಲೆಕ್ಟ್ರಿಕ್ ಗಾಡಿಗೆ ಶೇ 15, ಹೈಬ್ರಿಡ್‌ಗೆ ಶೇ 7.5, ಶಾಲಾ ಕಾಲೇಜಿನ ಹೆಸರಿನಲ್ಲಿರುವ ಬಸ್ಸಿಗೆ ಶೇ 15. ಮದ್ರಸ, ಶಾಲೆ ನಡೆಸುವ ನಮ್ಮ ಸಂಸ್ಥೆಗಳವರು ತಮ್ಮ ಬಸ್ಸು ಸಂಸ್ಥೆಯ ಹೆಸರಿನಲ್ಲಿ ಶೈಕ್ಷಣಿಕ ಬಸ್ ಅಂತ ರಿಜಿಸ್ಟರ್ ಆಗಿದೆಯೇ ಅಂತ ಒಮ್ಮೆ ಆರ್‌ಸಿ ತೆಗೆದು ನೋಡಿಕೊಳ್ಳಿ. ನೋ ಕ್ಲೈಮ್ ಬೋನಸ್ ಮಾತ್ರ ಓಡಿಗೆ ಸೇರಿದ್ದು. ಟಿಪಿಗೆ ಬೋನಸ್ ಕೊಡುತ್ತೇನೆ ಅನ್ನುವವರಿಗೆ ಒಂದೋ ಕೆಲಸ ಗೊತ್ತಿಲ್ಲ, ಇಲ್ಲ ನಿಮಗೆ ಗೊತ್ತಿಲ್ಲ ಅಂತ ಅವರಿಗೆ ಗೊತ್ತು.

41ನೇ ಕಲಂ

ಇನ್ನು ಎರಡನೆಯ ಫೋನಿಗೆ ಬರೋಣ. ಪಾಲಿಸಿ ಅಸಲಿ, ದರ ಪೂರ್ತಿ ಕಟ್ಟಿಸುತ್ತಾರೆ, ಆಮೇಲೆ 3,000 ವಾಪಸ್. ಇದು ಎಲ್ಲಿಂದ ಬರುತ್ತದೆ? ಅವರ ಕಮಿಷನ್‌ನಿಂದ. ಮೊದಲು ಟಿಪಿಯಲ್ಲಿ ಏಜೆಂಟರಿಗೆ ಸಿಗುತ್ತಿದ್ದದ್ದು ಏನೂ ಇಲ್ಲ ಅನ್ನುವಷ್ಟು, 2017ರಲ್ಲಿ ಬಂದ ನಿಯಮದಲ್ಲಿಯೂ ಶೇ 2.5 ಮಾತ್ರ. 2023ರ ಏಪ್ರಿಲ್ 1ರಿಂದ ಐಆರ್‌ಡಿಎಐ ಒಂದೊಂದು ಪಾಲಿಸಿಗೆ ಇಷ್ಟೇ ಕಮಿಷನ್ ಅನ್ನುವ ಮಿತಿ ತೆಗೆಯಿತು. ಸಾಮಾನ್ಯ ವಿಮಾ ಕಂಪೆನಿಯ ಒಟ್ಟು ಖರ್ಚು, ಕಮಿಷನ್ ಸೇರಿ, ವರ್ಷದ ಒಟ್ಟು ಪ್ರೀಮಿಯಂನ ಶೇ 30 ದಾಟಬಾರದು ಅಂತ ಮಾತ್ರ ಇಟ್ಟಿತು. ಹಾಗಾಗಿ ಕ್ಲೈಮ್ ಕಡಿಮೆ ಬರುವ ಗಾಡಿಗಳಿಗೆ ಕಂಪೆನಿಗಳು ಒಳ್ಳೆ ಕಮಿಷನ್ ಕೊಡಲು ಶುರು ಮಾಡಿದವು, ಏಜೆಂಟರು ಅದರಲ್ಲಿ ಅರ್ಧ ಗಿರಾಕಿಗೆ ಕೊಟ್ಟು ವ್ಯಾಪಾರ ಹಿಡಿಯಲು ಶುರು ಮಾಡಿದರು.

ಪರಿಚಯದ ಹುಡುಗನೊಬ್ಬ ಈ ಕೆಲಸದಲ್ಲಿದ್ದಾನೆ. ಕೇಳಿದ್ದಕ್ಕೆ ಅವನೆಂದ, "ಕಾಕ, ನನ್ನ ಕಮಿಷನ್ ನಾನು ಕೊಡೋದು, ಕಂಪೆನಿದು ಅಲ್ಲವಲ್ಲ. ಇದರಲ್ಲಿ ಯಾರಿಗೆ ಏನು ನಷ್ಟ?" ಕೇಳುವುದಕ್ಕೆ ನ್ಯಾಯವೇ. ಅಂಗಡಿಯಲ್ಲಿ ನಾನು ನನ್ನ ಲಾಭ ಬಿಟ್ಟು ಮಾಲು ಕೊಟ್ಟರೆ ಯಾರೂ ಕೇಳುವುದಿಲ್ಲ. ಆದರೆ ವಿಮಾ ಕಾಯ್ದೆ 41ನೇ ಕಲಂ ಸರಿಯಾಗಿ ಇದನ್ನೇ ಹೆಸರಿಟ್ಟು ನಿಷೇಧಿಸಿದೆ. ಯಾರಾದರೂ ಪಾಲಿಸಿ ತೆಗೆದುಕೊಳ್ಳಲಿ, ರಿನ್ಯೂ ಮಾಡಲಿ, ಮುಂದುವರಿಸಲಿ ಅಂತ ಆಮಿಷವಾಗಿ ಕಮಿಷನ್‌ನ ಪೂರ್ತಿಯನ್ನಾಗಲಿ ಒಂದು ಪಾಲನ್ನಾಗಲಿ, ಅಥವಾ ಪಾಲಿಸಿಯಲ್ಲಿ ತೋರಿಸಿದ ಪ್ರೀಮಿಯಂನಲ್ಲಿ ಕಡಿತವನ್ನಾಗಲಿ, ನೇರವಾಗಿಯೋ ಸುತ್ತುಬಳಸಿಯೋ ಕೊಡಬಾರದು, ಕೊಡುತ್ತೇನೆ ಅಂತ ಹೇಳಲೂ ಬಾರದು. ಅಷ್ಟೇ ಅಲ್ಲ, ಪಾಲಿಸಿ ಮಾಡಿಸುವವನು ಅದನ್ನು ತೆಗೆದುಕೊಳ್ಳಲೂ ಬಾರದು. ಕಂಪೆನಿ ಪ್ರಕಟಿಸಿದ ದರಪಟ್ಟಿಯಲ್ಲಿ ಇರುವ ರಿಯಾಯಿತಿಗೆ ಮಾತ್ರ ವಿನಾಯಿತಿ.

'ಸುತ್ತುಬಳಸಿ' ಅನ್ನುವ ಮಾತು ಮುಖ್ಯ. ಜಿಪೇ ಬದಲು ಡೀಸೆಲ್ ಕೂಪನ್ ಕೊಟ್ಟರೂ, ಹೆಂಡತಿಯ ಅಕೌಂಟಿಗೆ ಹಾಕಿದರೂ, ಹೊಗೆ ಸರ್ಟಿಫಿಕೇಟ್ ಫ್ರೀ ಮಾಡಿಸಿಕೊಟ್ಟರೂ ಪಾಲಿಸಿ ಹಿಡಿಯಲು ಕೊಟ್ಟಿದ್ದು ಅಂತಾದರೆ ಅದೇ ಲೆಕ್ಕಕ್ಕೆ ಬರುತ್ತದೆ.

ದಂಡ ಎಷ್ಟು? ಬಹಳ ವರ್ಷ 500 ರೂಪಾಯಿ ಇತ್ತು. ಹಳೆಯ ಪಾಲಿಸಿ ಫಾರಂಗಳ ಹಿಂದೆ ಸಣ್ಣ ಅಕ್ಷರದಲ್ಲಿ ಈ 500 ಅಚ್ಚಾಗಿರುತ್ತಿತ್ತು, ಯಾರೂ ಓದುತ್ತಿರಲಿಲ್ಲ. 2015ರ ತಿದ್ದುಪಡಿ ಅದನ್ನು 10 ಲಕ್ಷ ರೂಪಾಯಿವರೆಗೆ ಏರಿಸಿತು. ಐನೂರರಿಂದ ಹತ್ತು ಲಕ್ಷ. ಈಗಲೂ ಅದೇ ಸಣ್ಣ ಅಕ್ಷರ, ಈಗಲೂ ಯಾರೂ ಓದುವುದಿಲ್ಲ. ಇದಕ್ಕೆ ಜೈಲಿಲ್ಲ. ಐಆರ್‌ಡಿಎಐ ನೇಮಿಸುವ ಅಧಿಕಾರಿ ನೋಟಿಸ್ ಕೊಟ್ಟು, ವಿಚಾರಣೆ ಮಾಡಿ ಹಾಕುವ ದಂಡ ಇದು. ಒಪ್ಪಿಗೆಯಾಗದಿದ್ದರೆ ಮುಂಬೈಯ ಸೆಕ್ಯುರಿಟೀಸ್ ಅಪೀಲು ನ್ಯಾಯಮಂಡಳಿಗೆ ಹೋಗಬಹುದು.

3,000 ರೂಪಾಯಿ ತೆಗೆದುಕೊಂಡ ಗೂಡ್ಸ್ ಗಾಡಿಯವನನ್ನು ಹುಡುಕಿಕೊಂಡು ಹೈದರಾಬಾದಿನಿಂದ ಬರುತ್ತಾರಾ ಅಂತ ಕೇಳಿದರೆ, ಹಾಗೆ ಬಂದದ್ದನ್ನು ನಾನು ಕಂಡಿಲ್ಲ. ಆದರೆ ಜಿಪೇ ಮಾಡಿದ್ದಕ್ಕೆ ದಾಖಲೆ ಶಾಶ್ವತ. ಏಜೆಂಟ್ ಮೇಲೆ ಬೇರೆ ಯಾವುದೋ ಕೇಸಿಗೆ ತನಿಖೆ ಆದರೆ ಅವನ ಅಕೌಂಟ್‌ನ ಪಟ್ಟಿಯಲ್ಲಿ ನಮ್ಮ ಹೆಸರೂ ಇರುತ್ತದೆ.

ಲೈಸನ್ಸ್ ಹೋಗುವುದು ಹೇಗೆ

ಹಿಂದೆ ಏಜೆಂಟರಿಗೆ ಲೈಸನ್ಸ್ ಸರ್ಕಾರದ ಕಡೆಯಿಂದ ಬರುತ್ತಿತ್ತು. 2015ರ ನಂತರ ಕಂಪೆನಿಯೇ ನೇಮಕ ಪತ್ರ ಕೊಡುತ್ತದೆ, ತಪ್ಪು ಮಾಡಿದರೆ ನೋಟಿಸ್ ಕೊಟ್ಟು ಕಂಪೆನಿಯೇ ಅಮಾನತು ಅಥವಾ ರದ್ದು ಮಾಡುತ್ತದೆ. ಇಷ್ಟೇನಾ ಅಂದುಕೊಳ್ಳಬೇಡಿ. ಹಾಗೆ ತೆಗೆದುಹಾಕಿದವರ ಹೆಸರು ಬ್ಲ್ಯಾಕ್‌ಲಿಸ್ಟ್ ಆಗಿ ಎಲ್ಲಾ ಕಂಪೆನಿಗಳೂ ನೋಡುವ ಕೇಂದ್ರ ಪಟ್ಟಿಗೆ ಹೋಗುತ್ತದೆ. ಒಂದು ಕಂಪೆನಿಯಿಂದ ಹೊರಬಿದ್ದವನಿಗೆ ಇನ್ನೊಂದರ ಬಾಗಿಲೂ ಮುಚ್ಚಿದ ಹಾಗೆ.

ನಮ್ಮ ಹುಡುಗರಲ್ಲಿ ಹೆಚ್ಚಿನವರು ಏಜೆಂಟ್ ಅಲ್ಲ, ಪಿಒಎಸ್‌ಪಿ. ಅಂದರೆ ಪಾಯಿಂಟ್ ಆಫ್ ಸೇಲ್ಸ್ ಪರ್ಸನ್. 2015ರಲ್ಲಿ ಬಂದ ವ್ಯವಸ್ಥೆ ಇದು. ಹತ್ತನೇ ಕ್ಲಾಸ್ ಪಾಸಾಗಿರಬೇಕು, 15 ಗಂಟೆ ತರಬೇತಿ, ಒಂದು ಪರೀಕ್ಷೆ, ಆಮೇಲೆ ಬೈಕ್, ಕಾರು, ಲಾರಿ ಪಾಲಿಸಿ ಮಾರಬಹುದು. ಕೆಲಸವಿಲ್ಲದ ಹುಡುಗರಿಗೆ ಒಳ್ಳೆ ದಾರಿ, ನಾನು ಬೇಡ ಅನ್ನುವುದಿಲ್ಲ. ಆದರೆ ಮಾರಿದ ಪ್ರತಿ ಪಾಲಿಸಿಯಲ್ಲಿಯೂ ಮಾರಿದವನ ಗುರುತು, ಆಧಾರ್ ಅಥವಾ ಪಾನ್ ಸಂಖ್ಯೆಯ ಮೂಲಕ, ದಾಖಲಾಗುತ್ತದೆ ಅನ್ನುವುದು ಮರೆಯಬಾರದು. ಕೋಡ್ ಕೊಟ್ಟ ಬ್ರೋಕರ್ ಅಥವಾ ಕಂಪೆನಿ ಅವನ ಕೆಲಸಕ್ಕೆ ಹೊಣೆ, ಆದ್ದರಿಂದ ತೊಂದರೆ ಬಂದಾಗ ಅವರು ಮೊದಲು ಮಾಡುವ ಕೆಲಸ ಕೋಡ್ ಬ್ಲಾಕ್ ಮಾಡಿ ಪೊಲೀಸರಿಗೆ ಇವನ ಹೆಸರು ಕೊಡುವುದು.

ಅಣ್ಣನ ಕೋಡ್‌ನಲ್ಲಿ ತಮ್ಮ ಮಾರುವುದು, ಒಬ್ಬನ ಐಡಿಯಲ್ಲಿ ನಾಲ್ಕು ಜನ ಪಾಲಿಸಿ ಹಾಕುವುದು ಇಲ್ಲಿ ಸಾಮಾನ್ಯ. 42ನೇ ಕಲಂ ಪ್ರಕಾರ ನೇಮಕವಿಲ್ಲದೆ ಏಜೆಂಟ್ ಕೆಲಸ ಮಾಡಿದವರಿಗೆ 10,000 ರೂಪಾಯಿವರೆಗೆ ದಂಡ, ಅಂಥವರನ್ನು ಇಟ್ಟುಕೊಂಡ ಕಂಪೆನಿಗೆ 1 ಕೋಟಿವರೆಗೆ. 40ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ವ್ಯಾಪಾರ ತಂದುಕೊಟ್ಟದ್ದಕ್ಕೆ ಏಜೆಂಟ್ ಅಥವಾ ನೋಂದಾಯಿತ ಮಧ್ಯವರ್ತಿ ಬಿಟ್ಟು ಬೇರೆ ಯಾರಿಗೂ ಹಣ ಕೊಡಬಾರದು. ಗ್ಯಾರೇಜ್ ಮೇಸ್ತ್ರಿಗೆ, ಆರ್‌ಟಿಒ ಎದುರಿನ ಜೆರಾಕ್ಸ್ ಅಂಗಡಿಯವರಿಗೆ 'ಒಂದು ಗಾಡಿಗೆ ಇಷ್ಟು' ಅಂತ ಕೊಡುತ್ತಾರಲ್ಲ, ಅದೂ ಇದರೊಳಗೆ ಬರುತ್ತದೆ. ಕೊಟ್ಟ ಏಜೆಂಟ್‌ಗೆ ಅಥವಾ ಮಧ್ಯವರ್ತಿಗೆ 1 ಲಕ್ಷದವರೆಗೆ ದಂಡ.

64ವಿಬಿ ಕಲಂ ಅಂತೂ ಪ್ರತಿಯೊಬ್ಬ ಹುಡುಗನೂ ಬಾಯಿಪಾಠ ಮಾಡಬೇಕು. ಪ್ರೀಮಿಯಂ ಕಂಪೆನಿಗೆ ಸೇರುವ ಮೊದಲು ಹೊಣೆ ಶುರುವಾಗುವುದಿಲ್ಲ. ಗಿರಾಕಿಯಿಂದ ಹಣ ಪಡೆದ ಏಜೆಂಟ್ ರಜೆ ಬಿಟ್ಟು 24 ಗಂಟೆಯೊಳಗೆ ಪೂರ್ತಿ, ತನ್ನ ಕಮಿಷನ್ ಮುರಿದುಕೊಳ್ಳದೆ, ಕಂಪೆನಿಗೆ ಸೇರಿಸಬೇಕು. ಶುಕ್ರವಾರ ಹಣ ತೆಗೆದುಕೊಂಡು, ತನ್ನ ಬೇರೆ ಸಾಲಕ್ಕೆ ತಿರುಗಿಸಿ, ಮುಂದಿನ ಗುರುವಾರ ಪಾಲಿಸಿ ಹಾಕುವವರಿದ್ದಾರೆ. ಆ ಆರು ದಿನ ಗಾಡಿ ಇನ್ಶೂರೆನ್ಸ್ ಇಲ್ಲದೆ ಹೈವೇಯಲ್ಲಿ ಓಡುತ್ತಿರುತ್ತದೆ, ಮಾಲೀಕನಿಗೆ ಗೊತ್ತೇ ಇರುವುದಿಲ್ಲ. ಅದೇ ಕಲಂ ಪ್ರಕಾರ ಪಾಲಿಸಿ ರದ್ದಾಗಿ ಹಣ ವಾಪಸ್ ಬರುವುದಿದ್ದರೂ ಕಂಪೆನಿ ನೇರ ಪಾಲಿಸಿದಾರನಿಗೇ ಕೊಡಬೇಕು, ಏಜೆಂಟ್ ಕೈಗೆ ಕೊಡುವಂತಿಲ್ಲ.

ಕಂಪೆನಿಗಳ ಕಡೆ ನೋಡಿದರೆ, ಕಾಯ್ದೆ ಪಾಲಿಸದಿದ್ದಕ್ಕೆ 102ನೇ ಕಲಂನಲ್ಲಿ 2015ರ ತಿದ್ದುಪಡಿ ಇಟ್ಟ ಲೆಕ್ಕ ದಿನಕ್ಕೆ 1 ಲಕ್ಷ ಅಥವಾ 1 ಕೋಟಿ, ಯಾವುದು ಕಡಿಮೆಯೋ ಅದು. ತೀರಾ ಮಿತಿ ಮೀರಿದರೆ ನೋಂದಣಿಯನ್ನೇ ಅಮಾನತು ಅಥವಾ ರದ್ದು ಮಾಡುವ ಅಧಿಕಾರ ಐಆರ್‌ಡಿಎಐಗೆ ಇದೆ. ಗಾಡಿ ಶೋರೂಂಗಳು ಇನ್ಶೂರೆನ್ಸ್ ಮಾರುವುದಕ್ಕೆ 2017ರ ನವೆಂಬರ್‌ನಿಂದ ಪ್ರತ್ಯೇಕ ಮಾರ್ಗಸೂಚಿ ಇದೆ, ಅದನ್ನು ಮುರಿದದ್ದಕ್ಕೆ 2020ರ ನವೆಂಬರ್‌ನಲ್ಲಿ ಮಾರುತಿ ಇನ್ಶೂರೆನ್ಸ್ ಬ್ರೋಕಿಂಗ್‌ಗೆ ಐಆರ್‌ಡಿಎಐ 3 ಕೋಟಿ ದಂಡ ಹಾಕಿತ್ತು. ನೋಂದಣಿಯೇ ಇಲ್ಲದೆ ಇನ್ಶೂರೆನ್ಸ್ ಕಂಪೆನಿ ನಡೆಸಿದವರಿಗೆ 103ನೇ ಕಲಂನಲ್ಲಿ 25 ಕೋಟಿವರೆಗೆ ದಂಡ ಮತ್ತು 10 ವರ್ಷದವರೆಗೆ ಜೈಲು ಇದೆ. ದೊಡ್ಡವರ ವಿಷಯ ಇಷ್ಟು ಸಾಕು.

9,500ರ ಪಾಲಿಸಿ

ಮೂರನೆಯ ಫೋನು ಬೇರೆಯೇ ಕಥೆ. ಸರ್ಕಾರಿ ದರ 16,049 ಇರುವಾಗ 9,500ಕ್ಕೆ ಯಾವ ಕಂಪೆನಿಯೂ ಕೊಡಲಾರದು. ಹಾಗಾದರೆ ಆ ಪಿಡಿಎಫ್ ಏನು? ಪೊಲೀಸ್ ಕೇಸುಗಳಲ್ಲಿ ಬಂದ ವಿಧಾನ ಹೀಗೆ. ಗೂಡ್ಸ್ ಗಾಡಿಯ ನಂಬರ್ ಹಾಕಿ, ವಾಹನದ ವರ್ಗದಲ್ಲಿ ದ್ವಿಚಕ್ರ ಅಂತ ಒತ್ತುತ್ತಾರೆ. ಕಂಪೆನಿಗೆ ಹೋಗುವುದು 714 ರೂಪಾಯಿ ಮತ್ತು ತೆರಿಗೆ ಮಾತ್ರ. ಅಸಲಿ ಪಾಲಿಸಿ ನಂಬರ್ ಸಿಗುತ್ತದೆ. ಆಮೇಲೆ ಆ ಪಿಡಿಎಫ್ ಅನ್ನು ಕಂಪ್ಯೂಟರ್‌ನಲ್ಲಿ ತಿದ್ದಿ ಗೂಡ್ಸ್ ಗಾಡಿ ಅಂತ ಮಾಡಿ, ಮೊತ್ತ ಬದಲಿಸಿ ಗಿರಾಕಿಗೆ ಕೊಡುತ್ತಾರೆ. ಆನ್‌ಲೈನ್‌ನಲ್ಲಿ ಗಾಡಿ ನಂಬರ್ ಹಾಕಿದರೆ ಇನ್ಶೂರೆನ್ಸ್ ಇದೆ ಅಂತಲೇ ತೋರಿಸುತ್ತದೆ, ಕಂಪೆನಿ ಹೆಸರು, ಕೊನೆಯ ದಿನಾಂಕ ಎಲ್ಲಾ ಸರಿ. ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದ ಪೊಲೀಸರಿಗೂ ಸರಿ ಕಾಣುತ್ತದೆ. ಗೊತ್ತಾಗುವುದು ಆಕ್ಸಿಡೆಂಟ್ ಆದ ದಿನ.

ಕೃಷ್ಣಗಿರಿ ಕಡೆಯ ಒಬ್ಬರು ಪರಿಚಯಸ್ಥರು, ಮಾವಿನ ಸೀಜನ್‌ನಲ್ಲಿ ಪಿಕಪ್ ಬಾಡಿಗೆಗೆ ಓಡಿಸುತ್ತಿದ್ದರು. ಹೈವೇಯಲ್ಲಿ ರಸ್ತೆ ದಾಟುತ್ತಿದ್ದವರೊಬ್ಬರಿಗೆ ಗಾಡಿ ಬಡಿದು ಅವರು ತೀರಿಕೊಂಡರು. ಕಂಪೆನಿಯವರು ಕೋರ್ಟಿನಲ್ಲಿ ತಮ್ಮ ಅಸಲಿ ದಾಖಲೆ ತೋರಿಸಿ, ಈ ನಂಬರಿಗೆ ನಾವು ಕೊಟ್ಟಿದ್ದು ಸ್ಕೂಟರ್ ಪಾಲಿಸಿ ಅಂದರು. ಪಾಲಿಸಿ ಮಾಡಿಸಿಕೊಟ್ಟವನ ಫೋನ್ ಸ್ವಿಚ್ ಆಫ್. ಇವರ ಕೈಯಲ್ಲಿದ್ದದ್ದು ವಾಟ್ಸಾಪ್ ಪಿಡಿಎಫ್ ಮತ್ತು ರಸೀದಿ ಇಲ್ಲದೆ ಕೊಟ್ಟ ನಗದು. ಅವರು ಉಳಿಸಿದ್ದು ಆರೇಳು ಸಾವಿರ. ಗಾಡಿ ಹೋಯಿತು, ಊರಿನ ಜಾಗದ ಮೇಲೆ ಸಾಲ ಎದ್ದಿತು. ತೀರಿಕೊಂಡವರ ಮನೆಯಲ್ಲಿ ಎರಡು ಚಿಕ್ಕ ಮಕ್ಕಳು. ಅವರಿಗೆ ಸಿಗಬೇಕಾದದ್ದು ಕಂಪೆನಿಯಿಂದ ಒಂದೇ ಗಂಟಾಗಿ ಬರುವ ಬದಲು, ಇವರು ಕಂತಿನಲ್ಲಿ ಕೊಡುವುದನ್ನು ಕಾಯುವ ಹಾಗಾಯಿತು. ನನಗೆ ಹೆಚ್ಚು ನೋವಾಗಿದ್ದು ಅದಕ್ಕೆ. ಟಿಪಿ ಇನ್ಶೂರೆನ್ಸ್ ಇರುವುದೇ ನಮಗಲ್ಲ, ನಮ್ಮ ಗಾಡಿಯ ಎದುರು ಬಂದ ಮನುಷ್ಯನಿಗೆ. ಸಾವು, ಗಾಯಕ್ಕೆ ಟಿಪಿಯಲ್ಲಿ ಕಂಪೆನಿಯ ಹೊಣೆಗೆ ಮಿತಿಯೇ ಇಲ್ಲ, ಎಷ್ಟು ಲಕ್ಷ ತೀರ್ಪಾದರೂ ಕೊಡಬೇಕು. ಆಸ್ತಿ ನಷ್ಟಕ್ಕೆ ಮಾತ್ರ ಮಿತಿ, ಕಾರು, ಲಾರಿಗೆ 7.5 ಲಕ್ಷ, ಬೈಕಿಗೆ 1 ಲಕ್ಷ.

ಪೂರ್ತಿ ನಕಲಿ ಅಲ್ಲದ, ಅರ್ಧ ಸುಳ್ಳಿನ ಪಾಲಿಸಿಗಳೂ ಇವೆ. ಮೇಲೆ ಹೇಳಿದ ತೂಕದ ಪಟ್ಟಿ ನೋಡಿ. 7,500 ಕೆಜಿ ಗೆರೆ ದಾಟಿದರೆ ಒಮ್ಮೆಲೇ 11,137 ರೂಪಾಯಿ ಜಾಸ್ತಿ. ಹಾಗಾಗಿ ಆರ್‌ಸಿಯಲ್ಲಿ ಹೆಚ್ಚಿರುವ ತೂಕವನ್ನು ಪಾಲಿಸಿಯಲ್ಲಿ ಇಳಿಸಿ ಬರೆಸುವವರಿದ್ದಾರೆ. ಬಿಳಿ ಬೋರ್ಡ್ ಕಾರನ್ನು ಬೆಂಗಳೂರು ಏರ್‌ಪೋರ್ಟಿಗೆ ಬಾಡಿಗೆಗೆ ಓಡಿಸುವುದು ಹೊಸೂರಿನಲ್ಲಿ ಹೊಸ ವಿಷಯ ಅಲ್ಲ. 1000ದಿಂದ 1500 ಸಿಸಿ ಸ್ವಂತ ಕಾರಿಗೆ ಟಿಪಿ 3,416, ಅದೇ ಕಾರು ಟ್ಯಾಕ್ಸಿಯಾದರೆ 7,940, ಮತ್ತೆ ಪ್ರತಿ ಪ್ರಯಾಣಿಕನ ಸೀಟಿಗೆ 978. ಆಸೆ ಹುಟ್ಟುವುದು ಇಲ್ಲೇ. ಆದರೆ ಪರ್ಮಿಟ್ ಇಲ್ಲದೆ ಬಾಡಿಗೆಗೆ ಓಡಿಸಿದ್ದು ಕಂಪೆನಿ ತನ್ನ ಹೊಣೆ ತಪ್ಪಿಸಿಕೊಳ್ಳಲು ಹೇಳಬಹುದಾದ ಕಾರಣ ಅಂತ ಮೋಟಾರು ವಾಹನ ಕಾಯ್ದೆ 150ನೇ ಕಲಂನಲ್ಲೇ ಬರೆದಿದೆ. ಇಂಥ ಕೇಸುಗಳಲ್ಲಿ ನ್ಯಾಯಾಲಯಗಳು ಹಲವು ಸಲ, ಮೊದಲು ನೊಂದವರಿಗೆ ಕಂಪೆನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ ಅಂತ ಆದೇಶ ಮಾಡುತ್ತವೆ. ನೊಂದವರು ಬಚಾವ್, ಮಾಲೀಕ ಅಲ್ಲ.

ಚೆಕ್ ಬೌನ್ಸ್ ವಿಷಯದಲ್ಲಿ ಕರ್ನಾಟಕದಿಂದ ಹೋದ ಒಂದು ಕೇಸು ನೆನಪಿಡುವಂಥದ್ದು. ಯುನೈಟೆಡ್ ಇಂಡಿಯಾ ಮತ್ತು ಲಕ್ಷ್ಮಮ್ಮ ನಡುವಿನ ಪ್ರಕರಣದಲ್ಲಿ ಪ್ರೀಮಿಯಂ ಚೆಕ್ ವಾಪಸ್ ಬಂದಿತ್ತು, ಕಂಪೆನಿ ಪಾಲಿಸಿ ರದ್ದು ಮಾಡಿತು, ಆದರೆ ರದ್ದು ಮಾಡಿ ತಿಳಿಸುವ ಮೊದಲೇ ಬಸ್ಸು ಅಪಘಾತವಾಗಿತ್ತು. ಹಾಗಾಗಿ ನೊಂದವರಿಗೆ ಕಂಪೆನಿಯೇ ಕೊಡಬೇಕು ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ರದ್ದಾದ ಸುದ್ದಿ ಮುಟ್ಟಿದ ಮೇಲೆ ಅಪಘಾತವಾದರೆ ಈ ರಕ್ಷಣೆ ಸಿಗುವುದಿಲ್ಲ.

ವಿಮೆ ಇಲ್ಲದೆ ಓಡಿಸಿದ್ದಕ್ಕೇ 196ನೇ ಕಲಂ ಪ್ರಕಾರ ಮೊದಲ ಸಲ 2,000 ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಮತ್ತೆ ಸಿಕ್ಕಿದರೆ ದಂಡ 4,000. ಸಣ್ಣದು ಅನ್ನಿಸಬಹುದು. ಆದರೆ ವಿಮೆ ಇಲ್ಲದ ಗಾಡಿಯಿಂದ ಜೀವ ಹೋದರೆ, ಗಾಯವಾದರೆ, ಮಾಲೀಕ ಭದ್ರತೆ ಕೊಡದ ಹೊರತು ಗಾಡಿ ಬಿಡಬಾರದು, ಹರಾಜು ಹಾಕಿ ಹಣವನ್ನು ಟ್ರಿಬ್ಯೂನಲ್‌ನಲ್ಲಿಡುವ ನಿಯಮ ಎಲ್ಲಾ ರಾಜ್ಯಗಳೂ ತರಬೇಕು ಅಂತ 2018ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿದೆ.

ನೋಡಿಕೊಳ್ಳುವುದು ಹೇಗೆ, ಹೇಳುವುದು ಎಲ್ಲಿ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ದಿನಾಂಕ ನೋಡಿದರೆ ಸಾಲದು, ಕಾರಣ ಮೇಲೆ ಹೇಳಿದೆ. ಪಾಲಿಸಿ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಅದಕ್ಕಿಂತ ಒಳ್ಳೆಯದು ಕಂಪೆನಿಯ ವೆಬ್‌ಸೈಟಿಗೆ ನೀವೇ ಹೋಗಿ ಪಾಲಿಸಿ ನಂಬರ್ ಹಾಕಿ ಪಿಡಿಎಫ್ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದದ್ದನ್ನೂ ಇದನ್ನೂ ಪಕ್ಕದಲ್ಲಿಟ್ಟು ವಾಹನದ ವರ್ಗ, ಒಟ್ಟು ತೂಕ, ಎಂಜಿನ್ ಮತ್ತು ಚಾಸಿಸ್ ನಂಬರ್, ಟಿಪಿ ಮೊತ್ತ ಈ ನಾಲ್ಕು ತಾಳೆ ಹಾಕಿ. ಹಣ ಕಂಪೆನಿಯ ಲಿಂಕ್‌ನಲ್ಲಿ ಕಟ್ಟಿ. ಯಾರದ್ದೋ ಸ್ವಂತ ಜಿಪೇ ನಂಬರಿಗೆ ಬೇಡ. 'ಸರ್ವರ್ ಚಾರ್ಜ್', 'ಹಳೆ ಗಾಡಿ ಚಾರ್ಜ್' ಅಂತ ಟಿಪಿ ಮೇಲೆ 500, 1,000 ಜಾಸ್ತಿ ಕೇಳುವವರಿಗೂ ಇದೇ ಕಾನೂನು, ಫಿಕ್ಸ್ ದರ ಅಂದರೆ ಮೇಲಕ್ಕೂ ಫಿಕ್ಸ್.

ದೂರು ಕೊಡುವುದಿದ್ದರೆ ಮೊದಲು ಕಂಪೆನಿಗೆ ಬರಹದಲ್ಲಿ. ಉತ್ತರ ಬರದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್, ಅಥವಾ ಟೋಲ್ ಫ್ರೀ 155255. ಒಂದು ತಿಂಗಳು ಕಾದೂ ಪರಿಹಾರವಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು, ಖರ್ಚಿಲ್ಲ, ವಕೀಲರೂ ಬೇಡ. ತಮಿಳುನಾಡಿಗೆ ಚೆನ್ನೈ, ಕರ್ನಾಟಕಕ್ಕೆ ಬೆಂಗಳೂರು. ಕಂಪೆನಿ ಶಾಖೆ ಇರುವ ಕಡೆಯೂ ಕೊಡಬಹುದು, ನಾವಿರುವ ಕಡೆಯೂ ಕೊಡಬಹುದು. ಹಾಗಾಗಿ ಪಾಲಿಸಿ ಬೆಂಗಳೂರಿನ ಶಾಖೆಯದ್ದಾದರೆ ಹೊಸೂರಿನವರು 40 ಕಿಲೋಮೀಟರ್‌ನ ಬೆಂಗಳೂರಿಗೆ ಹೋಗಬಹುದು, ಚೆನ್ನೈ 300 ದಾಟುತ್ತದೆ. ನಕಲಿ ಪಾಲಿಸಿಯಾದರೆ ಇದು ಯಾವುದೂ ಅಲ್ಲ, ನೇರ ಪೊಲೀಸ್ ಠಾಣೆ. ವಂಚನೆಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ, ಹಳೆ 420, ಏಳು ವರ್ಷದವರೆಗೆ ಜೈಲಿದೆ.

ನಾನು ಆ ವಾರ ಮೊದಲನೆಯವರಲ್ಲಿಯೇ 16,049 ಮತ್ತು ತೆರಿಗೆ ಕಟ್ಟಿದೆ. ಎರಡನೆಯವರಿಗೆ 41ನೇ ಕಲಂ ಹೇಳಿದ್ದಕ್ಕೆ ನಕ್ಕರು, ಈಗಲೂ ಸಿಕ್ಕಿದರೆ "ಲಾಯರ್ ಸಾಹೇಬ್ರು" ಅಂತ ಕರೆಯುತ್ತಾರೆ. ಮೂರನೆಯವನ ನಂಬರ್ ಎರಡು ತಿಂಗಳ ಮೇಲೆ ಒಮ್ಮೆ ಮಾಡಿ ನೋಡಿದೆ, ಚಾಲ್ತಿಯಲ್ಲಿ ಇರಲಿಲ್ಲ.